ಕೋರ್ಟಿನ ಮಾತು ಯಾರಪ್ಪನ ಮನೆ ಆಸ್ತಿ?

ಹಾಸ್ಟೆಲಿನ ಗೆಳೆಯರೇ,

ಹೋದ ವರ್ಷ ಯುಗಾದಿಗೆ ನಾವು ನಾಲ್ಕು ಜನ ನಮ್ಮಲ್ಲೊಬ್ಬನ ಊರಿಗೆ ಹೋಗಿದ್ದೆವು. ಕೇರಿಯ ಕೊನೇ ಮನೆ. ನಾಲ್ವರೂ ಬಿ.ಎ. ಪಾಸಾದವರು. ಇಬ್ಬರು ಪದ್ಯ ಬರೆಯುವವರು. ಮೂರು ರಾತ್ರಿ ಆ ಮನೆಯ ಪಡಸಾಲೆಯಲ್ಲಿ ಮಲಗಿ ಕ್ರಾಂತಿಯ ಮಾತಾಡಿದೆವು. ನಮ್ಮ ತಲೆಯಿಂದ ಎರಡು ಮೊಳ ಮೇಲೆ, ಸೂರಿನ ಗಳುವಿಗೆ, ರೇಷನ್ ಕಾರ್ಡಿನ ಜೊತೆ ಒಂದು ಕಾಗದ ಸಿಕ್ಕಿಸಿತ್ತು. ಗೋಂದು ಒಣಗಿ ಮೂಲೆ ಹರಿದಿತ್ತು. ನಮ್ಮಲ್ಲಿ ಒಬ್ಬನೂ ಅದನ್ನು ಕೈಗೆ ತಗೊಳ್ಳಲಿಲ್ಲ.

ಅದು ಸಮನ್ಸು. ಗೆಳೆಯನ ದೊಡ್ಡವ್ವನ ಮೇಲೆ ಊರಿನ ಜಮೀನ್ದಾರ ಹಾಕಿದ್ದ ದಾವೆಯ ಸಮನ್ಸು. ಕೋರ್ಟಿನ ಅಮೀನ ತಂದಾಗ ದೊಡ್ಡವ್ವ 'ನಂಗೆ ಬ್ಯಾಡ ಸ್ವಾಮಿ, ಪೊಲೀಸ್ ಕಾಗ್ದ' ಅಂತ ಕೈ ಹಿಂದಕ್ಕೆ ಕಟ್ಟಿ ನಿಂತಿದ್ದಳು. ಆತ ಬಾಗಿಲಿಗೆ ಅಂಟಿಸಿ ಹೋದ. ಆಕೆ ಮೆಲ್ಲಗೆ ಬಿಡಿಸಿ ಗಳುವಿಗೆ ಸಿಕ್ಕಿಸಿದಳು. 'ಓದ್ದ ಹುಡುಗ್ರು ಬತ್ತಾರಲ್ಲ, ನೋಡ್ತಾರೆ' ಅಂತ.

ಓದಿದ ಹುಡುಗರು ಬಂದರು, ಹೋಳಿಗೆ ತಿಂದರು, ಹೋದರು.

ದೀಪಾವಳಿ ಹೊತ್ತಿಗೆ ಹೊಲಕ್ಕೆ ಟ್ರ್ಯಾಕ್ಟರು ಬಂತು. ಜೊತೆಗೆ ಒಂದು ಡಿಕ್ರಿ ಬಂತು. 1974ರಲ್ಲಿ ದೊಡ್ಡವ್ವನ ಮಾವನಿಗೆ ದರಖಾಸ್ತಿನಲ್ಲಿ ಮಂಜೂರಾಗಿದ್ದ ಎರಡು ಎಕರೆಗೆ ಆಕೆ ಕಾಲಿಡಕೂಡದು ಅಂತ ಖಾಯಂ ತಡೆಯಾಜ್ಞೆ. ಹೊಲದಲ್ಲಿ ಆಕೆಯೇ ಬಿತ್ತಿದ ರಾಗಿ ನಿಂತಿತ್ತು. ಆವತ್ತು ದೊಡ್ಡವ್ವ ಬೈಯಲಿಲ್ಲ. ಒಂದೇ ಮಾತು ಕೇಳಿದಳು: 'ಅಷ್ಟು ಓದಿದ್ರಲ್ಲ ಕಣ್ರಪ್ಪಾ, ನನ್ ಕಾಗ್ದ ಒಂದ್ಸಲ ಓದಕ್ಕಾಗ್ಲಿಲ್ವಾ?'

ಈ ಲೇಖನ ಆ ಪ್ರಶ್ನೆಗೆ ಉತ್ತರವಲ್ಲ. ಉತ್ತರ ನಮ್ಮ ಹತ್ರ ಇಲ್ಲ. ನಾಚಿಕೆ ಮಾತ್ರ ಇದೆ. ನ್ಯಾಯ ಅನ್ನೋ ಪದಕ್ಕೆ ಪ್ರಾಸ ಹುಡುಕುತ್ತಾ ನಾವು ರಾತ್ರಿಗಳನ್ನು ಕಳೆದಿದ್ದೇವೆ. ಕೈಫಿಯತ್ತು ಅನ್ನೋ ಪದಕ್ಕೆ ಅರ್ಥ ಹುಡುಕಲು ಒಂದು ಗಳಿಗೆ ಕೊಡಲಿಲ್ಲ. ಆ ನಾಚಿಕೆಯನ್ನು ನಿಮಗೂ ಹಂಚುವುದಕ್ಕೆ ಬರೆಯುತ್ತಿದ್ದೇವೆ.

ದಾವಾ, ವಕಾಲತ್ತು, ಅಮೀನ, ಜಪ್ತಿ, ಕೈಫಿಯತ್ತು - ಇವು ಅರಬ್ಬಿ ಪಾರಸಿಯಿಂದ ಬಂದ ಮಾತುಗಳು. ಡಿಕ್ರಿ, ಸಮನ್ಸು, ಅಪೀಲು - ಇವು ಇಂಗ್ಲಿಷರಿಂದ. ವಾದಿ, ಪ್ರತಿವಾದಿ - ಇವು ಸಂಸ್ಕೃತದಿಂದ. ದೊರೆಗಳು ಬದಲಾದಂತೆ ಮಾತುಗಳು ಬದಲಾದವು. ಆದರೆ ಆ ಮಾತನ್ನು ಓದಿ ಹೇಳುವವರು ಮಾತ್ರ ಬದಲಾಗಲಿಲ್ಲ. ಶಾನುಭೋಗನ ಕಟ್ಟೆಯ ಮೇಲೆ ಯಾರು ಕೂತಿದ್ದರೋ ಅವರ ಮೊಮ್ಮಕ್ಕಳೇ ಕೋರ್ಟಿನ ಕಟ್ಟೆಯ ಮೇಲೂ ಕೂತರು. ಕೆಳಗೆ ಕೈಕಟ್ಟಿ ನಿಂತವರು ನಮ್ಮಜ್ಜ, ನಮ್ಮಪ್ಪ. ಬಾವಿಗೆ ಬೇಲಿ ಹಾಕಿದರೆ ಕಣ್ಣಿಗೆ ಕಾಣುತ್ತದೆ. ಮಾತಿಗೆ ಹಾಕಿದ ಬೇಲಿ ಕಾಣುವುದಿಲ್ಲ. ಅದಕ್ಕೇ ಅದು ಇಷ್ಟು ಕಾಲ ಉಳಿದಿದೆ.

ಬನ್ನಿ, ಆ ಬೇಲಿಯ ಗೂಟಗಳನ್ನು ಒಂದೊಂದಾಗಿ ಕೀಳೋಣ.

ಸಮನ್ಸು. ನಿನ್ನ ಮೇಲೆ ದಾವೆ ಬಂದಿದೆ, ಇಂಥ ದಿನ ಬಂದು ನಿನ್ನ ಮಾತು ಹೇಳು ಎನ್ನುವ ಕರೆ. ಅಷ್ಟೇ. ಇದು ವಾರಂಟ್ ಅಲ್ಲ. ಸಿವಿಲ್ ಕೋರ್ಟಿನ ಸಮನ್ಸು ತಗೊಂಡರೆ ಯಾರೂ ಹಿಡಿದುಕೊಂಡು ಹೋಗುವುದಿಲ್ಲ. ತಗೊಳ್ಳದಿದ್ದರೇ ಅಪಾಯ. ಬೇಡ ಅಂದವರ ಬಾಗಿಲಿಗೆ ಅಂಟಿಸಿ ಅಮೀನ ವರದಿ ಕೊಡುತ್ತಾನೆ. ಕೋರ್ಟು ಅದನ್ನು ಒಪ್ಪಿತೆಂದರೆ ಸಮನ್ಸು ಮುಟ್ಟಿದಂತೆಯೇ ಲೆಕ್ಕ. ನಮ್ಮವರಿಗೆ ಖಾಕಿ ಕಂಡರೆ ಭಯ, ಮೊಹರು ಕಂಡರೆ ಭಯ. ಈ ಭಯವನ್ನು ನಾವು ಹುಟ್ಟಿಸಿಕೊಂಡಿದ್ದಲ್ಲ, ಲಾಠಿ ಹುಟ್ಟಿಸಿದ್ದು. ಆದರೆ ಆ ಭಯದ ಲಾಭ ಎದುರಾಳಿಗೆ ಹೋಗುತ್ತಿದೆ.

ವಾದಪತ್ರ. ದಾವೆ ಹಾಕಿದವನು ವಾದಿ. ಅವನು ಬರೆದುಕೊಟ್ಟ ಕಥೆ ವಾದಪತ್ರ. ಸಮನ್ಸಿನ ಜೊತೆ ಅದರ ಪ್ರತಿ ಬರಬೇಕು. ಬರದಿದ್ದರೆ ಕೇಳಿ ಪಡೆಯಬೇಕು. ಮೊದಲು ಓದಬೇಕಾದ್ದು ಅದರ ಕೊನೆಯ ಶೆಡ್ಯೂಲು. ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ ಅಲ್ಲಿರುತ್ತವೆ. ಅದನ್ನು ಮನೆಯಲ್ಲಿರುವ ಸಾಗುವಳಿ ಚೀಟಿ, ಪಹಣಿ ಪಕ್ಕ ಇಟ್ಟು ನೋಡಿ. ಪೂರ್ವಕ್ಕೆ ಹಳ್ಳ ಇದ್ದದ್ದು ಅವರ ಕಾಗದದಲ್ಲಿ ಪಶ್ಚಿಮಕ್ಕೆ ಹರಿದಿದ್ದರೆ ಅಲ್ಲೇ ನಿಮ್ಮ ಜವಾಬು ಶುರುವಾಯಿತು.

ವಕಾಲತ್ತು. ನನ್ನ ಪರವಾಗಿ ಈ ವಕೀಲರು ಮಾತಾಡಲಿ ಅಂತ ಕೊಡುವ ಅಧಿಕಾರ. ನಮ್ಮವರು ಇದಕ್ಕೆ ಹೆಬ್ಬೆಟ್ಟು ಒತ್ತುವಾಗ ಜೊತೆಗೆ ಇನ್ನೂ ಎರಡು ಖಾಲಿ ಹಾಳೆಗೆ ಒತ್ತಿ ಬರುತ್ತಾರೆ. ಖಾಲಿ ಹಾಳೆಗೆ ಒತ್ತಿದ ಹೆಬ್ಬೆಟ್ಟು ಯಾರದೋ ಕೈಯಲ್ಲಿರುವ ನಮ್ಮ ಬೆರಳು. ಒತ್ತಬಾರದು, ಒತ್ತಲು ಬಿಡಬಾರದು. ವಕೀಲರು ಸರಿ ಕಾಣದಿದ್ದರೆ ಕೋರ್ಟಿನ ಅನುಮತಿ ಪಡೆದು ವಕಾಲತ್ತು ಬದಲಾಯಿಸುವ ಹಕ್ಕೂ ಕಕ್ಷಿಗಾರನಿಗೆ ಇದೆ.

ಕೈಫಿಯತ್ತು. ಪ್ರತಿವಾದಿಯ ಲಿಖಿತ ಜವಾಬು. ಸಮನ್ಸು ಮುಟ್ಟಿದ 30 ದಿನದೊಳಗೆ ಕೊಡಬೇಕು. ಕಾರಣ ಬರೆದುಕೊಂಡು ಕೋರ್ಟು 90 ದಿನದವರೆಗೆ ಬಿಡಬಹುದು. ಅದೂ ಮೀರಿದರೆ ಕೋರ್ಟಿನ ಮರ್ಜಿ ಹಿಡಿಯಬೇಕು. ಇಲ್ಲಿ ಒಂದು ಮಾತು ಎದೆಗೆ ಬರೆದುಕೊಳ್ಳಿ. ವಾದಪತ್ರದ ಯಾವ ಸಂಗತಿಯನ್ನು ನೀವು ಬಿಡಿಬಿಡಿಯಾಗಿ ಅಲ್ಲಗಳೆಯುವುದಿಲ್ಲವೋ ಅದನ್ನು ಒಪ್ಪಿದಂತೆ ಕಾನೂನು ಎಣಿಸುತ್ತದೆ. ಸುಮ್ಮನಿದ್ದರೆ ಒಪ್ಪಿಗೆ! ಧಣಿಯ ಮುಂದೆ ಸುಮ್ಮನಿದ್ದು ಜೀವ ಉಳಿಸಿಕೊಂಡ ವಂಶ ನಮ್ಮದು. ನಮಗೆ ಅನ್ನ ಕೊಟ್ಟಿದ್ದು ಆ ಮೌನ. ಅದೇ ಮೌನ ಕೋರ್ಟಿನಲ್ಲಿ ನಮ್ಮ ಹೊಲ ಕಿತ್ತುಕೊಳ್ಳುತ್ತದೆ.

ಏಕಪಕ್ಷೀಯ. 'ಎಕ್ಸ್‌ಪಾರ್ಟಿ ಆಗೋಯ್ತು' ಅಂತ ಕೋರ್ಟಿನ ಮುಂದಿನ ಟೀ ಅಂಗಡಿಯಲ್ಲಿ ಹೇಳುವುದನ್ನು ಕೇಳಿದ್ದೀರಿ. ಕರೆದ ದಿನ ಪ್ರತಿವಾದಿ ಬರಲಿಲ್ಲ, ಅವನನ್ನು ಬಿಟ್ಟು ವಾದಿಯ ಮಾತೊಂದನ್ನೇ ಕೇಳಿ ತೀರ್ಮಾನ ಮಾಡಿದರು ಅಂತ ಅರ್ಥ. ದೊಡ್ಡವ್ವನಿಗೆ ಆದದ್ದು ಇದೇ. ಗಂಡ ಬದುಕಿದ್ದಾಗ ಹೊಲ ಮಾರಿ ಹೆಬ್ಬೆಟ್ಟು ಒತ್ತಿದ್ದ, ಸ್ವಾಧೀನ ತನ್ನದೇ ಅಂತ ಜಮೀನ್ದಾರ ಹೇಳಿದ. ಇಲ್ಲ ಅನ್ನುವವರು ಕೋರ್ಟಿನಲ್ಲಿ ಯಾರೂ ಇರಲಿಲ್ಲ. ರಾಗಿ ಸಾಕ್ಷಿ ಹೇಳುವುದಿಲ್ಲ. ಆದರೆ ಏಕಪಕ್ಷೀಯ ಡಿಕ್ರಿ ಕೊನೆಯಲ್ಲ. ಅದನ್ನು ರದ್ದು ಮಾಡಿ ಅಂತ ಅದೇ ಕೋರ್ಟಿಗೆ 30 ದಿನದೊಳಗೆ ಅರ್ಜಿ ಹಾಕಬಹುದು. ಸಮನ್ಸು ಸರಿಯಾಗಿ ಮುಟ್ಟಿರಲೇ ಇಲ್ಲ ಅಂತಾದರೆ ಡಿಕ್ರಿ ಗೊತ್ತಾದ ದಿನದಿಂದ 30 ದಿನ. ತಡವಾಗಿದ್ದರೆ ತಡ ಮನ್ನಾ ಮಾಡಿ ಅಂತ ಕಾರಣ ಹೇಳಿ ಇನ್ನೊಂದು ಅರ್ಜಿ. ಕಾರಣ ಗಟ್ಟಿಯಾಗಿರಬೇಕು. ದಿನಗಳ ಲೆಕ್ಕ ಕೊಡಬೇಕು.

ತಡೆಯಾಜ್ಞೆ. ಮಾಡಬೇಡ ಅನ್ನುವ ಆಜ್ಞೆ. ದಾವೆ ಮುಗಿಯುವ ತನಕ ಇದ್ದರೆ ತಾತ್ಕಾಲಿಕ, ಡಿಕ್ರಿಯಲ್ಲಿ ಬಂದರೆ ಖಾಯಂ. ತಾತ್ಕಾಲಿಕ ತಡೆ ಕೊಡುವ ಮುಂಚೆ ಕೋರ್ಟು ಮೂರು ನೋಡುತ್ತದೆ: ಮೇಲ್ನೋಟಕ್ಕೆ ಕೇಸು ಇದೆಯೇ, ಅನುಕೂಲದ ತಕ್ಕಡಿ ಯಾರ ಕಡೆ ತೂಗುತ್ತದೆ, ಹಣದಿಂದ ತುಂಬಿಕೊಡಲಾಗದ ನಷ್ಟ ಯಾರಿಗೆ. ಈ ಮೂರನ್ನೂ ನಮ್ಮ ಕಡೆಯಿಂದ ಹೇಳಲು ಕಲಿಯಬೇಕು. ನೂರು ಎಕರೆಯವನಿಗೆ ಎರಡು ಎಕರೆ ಒಂದು ಮೂಲೆ. ದೊಡ್ಡವ್ವನಿಗೆ ಅದು ಒಲೆ. ತಕ್ಕಡಿ ಎತ್ತ ತೂಗಬೇಕು? ಹೇಳಿದರೆ ತಾನೇ ತೂಗುವುದು! ತಾತ್ಕಾಲಿಕ ತಡೆಯಾಜ್ಞೆ ಮೀರಿದವರ ಆಸ್ತಿ ಜಪ್ತಿಯಾಗಬಹುದು, ಮೂರು ತಿಂಗಳವರೆಗೆ ಸಿವಿಲ್ ಜೈಲೂ ಆಗಬಹುದು. ಆದ್ದರಿಂದ ಸಿಟ್ಟಿನಲ್ಲಿ ಹೊಲಕ್ಕೆ ನುಗ್ಗುವ ಮುಂಚೆ ಕಾಗದ ಓದಿ.

ಯಥಾಸ್ಥಿತಿ. ಸ್ಟೇಟಸ್‌ಕೋ ಅಂತಾರಲ್ಲ, ಅದು. ಇದ್ದದ್ದು ಇದ್ದ ಹಾಗೆ ಇರಲಿ ಅಂತ. ಆದರೆ ಆ ದಿನ ಇದ್ದದ್ದು ಹೇಗೆ? ಹೊಲದಲ್ಲಿ ಯಾರಿದ್ದರು? ಅದನ್ನು ಆಜ್ಞೆಯಲ್ಲಿ ಬರೆಸದಿದ್ದರೆ ಬಲ ಇದ್ದವನು ರಾತ್ರೋರಾತ್ರಿ ಬೇಲಿ ಹಾಕಿ ಬೆಳಿಗ್ಗೆ ಇದೇ ಯಥಾಸ್ಥಿತಿ ಅನ್ನುತ್ತಾನೆ. ಸಾವಿರಾರು ವರ್ಷ ನಮ್ಮ ಮೇಲೆ ಹೇರಿದ್ದೂ ಒಂದು ಯಥಾಸ್ಥಿತಿಯೇ ಅಲ್ಲವೇ!

ಕೇವಿಯಟ್. ನನ್ನ ಮಾತು ಕೇಳದೆ ಅವರಿಗೆ ಆಜ್ಞೆ ಕೊಡಬೇಡಿ ಅಂತ ಮೊದಲೇ ಹಾಕುವ ಅರ್ಜಿ. 90 ದಿನ ನಿಲ್ಲುತ್ತದೆ, ಆಮೇಲೆ ಹೊಸದು ಹಾಕಬೇಕು. ಊರಿನಲ್ಲಿ 'ಕೋರ್ಟಿಗೆ ಎಳೀತೀನಿ' ಅಂತ ಯಾರಾದರೂ ಮೀಸೆ ತಿರುವಿದ ದಿನವೇ ಇದನ್ನು ನೆನೆಸಿಕೊಳ್ಳಿ.

ರಾಜಿ. ಬಹಳ ಸಿಹಿ ಮಾತು, ಬಹಳ ಜೋಪಾನವಾಗಿರಬೇಕಾದ ಮಾತು. ಕೋರ್ಟಿನಲ್ಲಿ ದಾಖಲಾದ ರಾಜಿ ಡಿಕ್ರಿಯಾಗುತ್ತದೆ. ಲೋಕ್ ಅದಾಲತ್ತಿನ ತೀರ್ಮಾನಕ್ಕೂ ಡಿಕ್ರಿಯ ಬಲ ಇದೆ, ಅದರ ಮೇಲೆ ಅಪೀಲು ಇಲ್ಲ. ಒಳ್ಳೆ ರಾಜಿ ಹತ್ತು ವರ್ಷದ ಅಲೆದಾಟ ಉಳಿಸುತ್ತದೆ. ಆದರೆ ಪಟೇಲನ ಮನೆ ಜಗುಲಿಯಲ್ಲಿ ಬರೆದು, ಓದಿ ಹೇಳದೆ, ಒತ್ತು ಅಂದಾಗ ಒತ್ತಿಬಿಟ್ಟರೆ ಅದು ರಾಜಿಯೋ ಶರಣಾಗತಿಯೋ? ಕಾಗದವನ್ನು ಕನ್ನಡದಲ್ಲಿ ಎರಡು ಸಲ ಓದಿಸಿಕೊಂಡ ಮೇಲೇ ಬೆರಳು ಶಾಯಿಗೆ ಹೋಗಬೇಕು.

ಅಮಲ್ಜಾರಿ. ಡಿಕ್ರಿ ಕೈಗೆ ಬಂದರೆ ಹೊಲ ಕೈಗೆ ಬಂದಂತಲ್ಲ. ಡಿಕ್ರಿಯನ್ನು ಜಾರಿ ಮಾಡಿಸುವುದಕ್ಕೆ ಬೇರೆಯೇ ಅರ್ಜಿ ಬೇಕು. 12 ವರ್ಷ ಅವಕಾಶ. ಗೆದ್ದೆವು ಅಂತ ಕಾಗದ ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಿ, ಹೊಲ ಮಾತ್ರ ಇನ್ನೊಬ್ಬರ ಕೈಯಲ್ಲೇ ಉಳಿದ ಮನೆಗಳು ನಮ್ಮ ಕೇರಿಗಳಲ್ಲಿವೆ.

ಅಪೀಲು. ಸೋತರೆ ಮೇಲಿನ ಕೋರ್ಟು. ಜಿಲ್ಲಾ ಕೋರ್ಟಿಗಾದರೆ 30 ದಿನ, ಹೈಕೋರ್ಟಿಗಾದರೆ 90 ದಿನ. ತೀರ್ಪಿನ ನಕಲು ಸಿಗಲು ಹಿಡಿದ ದಿನಗಳನ್ನು ಲೆಕ್ಕದಿಂದ ಬಿಡುತ್ತಾರೆ. ಅದಕ್ಕೇ ತೀರ್ಪಾದ ದಿನವೇ ನಕಲು ಅರ್ಜಿ ಹಾಕಬೇಕು.

ಇನ್ನೊಂದು ಮಾತು ಇದೆ, ಅದು ನಮಗೇ ಮೀಸಲಾದ ಮಾತು: ಮಂಜೂರಾದ ಜಮೀನು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು ಷರತ್ತು ಮೀರಿ ಕೊಂಡಿದ್ದರೆ ಆ ಕ್ರಯ ಶೂನ್ಯ ಅಂತ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಹೇಳುತ್ತದೆ. ಕಾಯ್ದೆ ಬಂದ ಮೇಲೆ ಸರ್ಕಾರದ ಮುಂಚಿನ ಅನುಮತಿ ಇಲ್ಲದೆ ಕೊಳ್ಳುವ ಹಾಗೇ ಇಲ್ಲ. ಅರ್ಜಿ ಹೋಗಬೇಕಾದ್ದು ಉಪವಿಭಾಗದ ಏ.ಸಿ. ಸಾಹೇಬರ ಹತ್ರ. ಕೊಂಡವರು ಕಾಯ್ದೆಯೇ ಸರಿಯಿಲ್ಲ ಅಂತ ಸುಪ್ರೀಂ ಕೋರ್ಟಿಗೆ ಹೋದರು. 1984ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟು, ಅರ್ಜಿ ಯುಕ್ತ ಕಾಲದೊಳಗೆ ಬರಬೇಕು ಅಂದಿತು. ಯುಕ್ತ ಕಾಲ! ಎಷ್ಟು ಸಣ್ಣ ಮಾತು! ಆ ಎರಡು ಪದದ ಮೇಲೆ ನಮ್ಮವರ ಅರ್ಜಿಗಳು ಒಂದರ ಮೇಲೊಂದು ಬಿದ್ದವು. ಹೋರಾಟ ನಡೆದು, 2023ರಲ್ಲಿ ತಿದ್ದುಪಡಿ ಬಂದು, ಈ ಕಾಯ್ದೆಗೆ ಕಾಲಮಿತಿ ಇಲ್ಲ ಅಂತ ಬರೆಯಿತು. ಆದರೂ ತಡದ ವಾದ ಕೋರ್ಟುಗಳಲ್ಲಿ ಇನ್ನೂ ನಿಂತಿಲ್ಲ. ಅದೇ ಕಾಯ್ದೆಯ ವ್ಯಾಖ್ಯೆಯಲ್ಲಿ ಇನ್ನೊಂದು ಸಣ್ಣ ಮಾತಿದೆ: ವಂಶಪಾರಂಪರ್ಯ ಹುದ್ದೆಗೆ ಸಂಬಂಧಿಸಿದ್ದನ್ನು ಬಿಟ್ಟು. ಅಂದರೆ ತೋಟಿ, ತಳವಾರಿಕೆಯ ಇನಾಂ ಹೊಲ ಹೊರಗೆ. ತಲೆಮಾರುಗಟ್ಟಲೆ ಊರಿನ ಹೆಣ ಹೊತ್ತು, ದನ ಹೊತ್ತು ಪಡೆದ ತುಂಡು ನೆಲ ಒಂದು ಸಾಲಿನಿಂದ ಹೊರಗೆ! ಈಗ ಹೇಳಿ, ಮಾತು ಕಲಿಯುವುದು ಕೆಲಸಕ್ಕೆ ಬಾರದ ಕೆಲಸವೇ?

ನಮ್ಮೊಳಗೇ ಕೆಲವು ಗೆಳೆಯರಿದ್ದಾರೆ. 'ಕೋರ್ಟು ಅವರದು, ಬೀದಿ ನಮ್ಮದು. ಅವರ ಮಾತು ನಾವ್ಯಾಕೆ ಕಲೀಬೇಕು?' ಅನ್ನುತ್ತಾರೆ. ಕೇಳುವುದಕ್ಕೆ ಖಡಕ್ಕಾಗಿದೆ. ಅವರಿಗೆ ನಾವು ಮಹಾಡ್ ನೆನಪಿಸುತ್ತೇವೆ.

1927ರ ಮಾರ್ಚಿಯಲ್ಲಿ ಬಾಬಾಸಾಹೇಬರು ಚವದಾರ್ ಕೆರೆಯ ನೀರು ಮುಟ್ಟಿದ್ದು ನಮಗೆಲ್ಲ ಗೊತ್ತು. ಭಾಷಣದಲ್ಲಿ ಹೇಳುತ್ತೇವೆ, ಪದ್ಯದಲ್ಲಿ ಬರೆಯುತ್ತೇವೆ. ಡಿಸೆಂಬರಿನಲ್ಲಿ ಏನಾಯಿತು ಅಂತ ಎಷ್ಟು ಜನ ಹೇಳುತ್ತೇವೆ? ಎರಡನೇ ಸಲ ಸತ್ಯಾಗ್ರಹಕ್ಕೆ ಸಾವಿರಾರು ಜನ ಸೇರುವ ಮುಂಚೆ ಸವರ್ಣೀಯರು ಮಹಾಡಿನ ಸಿವಿಲ್ ಕೋರ್ಟಿಗೆ ಹೋದರು. ಕೆರೆ ತಮ್ಮದು, ಅಸ್ಪೃಶ್ಯರು ಮುಟ್ಟದಿರುವುದು ಅನಾದಿ ರೂಢಿ ಅಂತ ದಾವೆ ಹಾಕಿದರು. ಪ್ರತಿವಾದಿಗಳ ಸಾಲಿನಲ್ಲಿ ಬಾಬಾಸಾಹೇಬರ ಹೆಸರು. ತಾತ್ಕಾಲಿಕ ತಡೆಯಾಜ್ಞೆ ತಂದರು. ನೋಡಿ, ಕಲ್ಲು ದೊಣ್ಣೆಯಿಂದ ಆಗದ್ದನ್ನು ಒಂದು ಕಾಗದದಿಂದ ಮಾಡಿದರು. ಡಿಸೆಂಬರ್ 25ರಂದು ಮನುಸ್ಮೃತಿ ಸುಟ್ಟದ್ದು ಅದೇ ಸಮ್ಮೇಳನದಲ್ಲಿ. ಆದರೆ ಕೆರೆಗೆ ಇಳಿಯುವುದನ್ನು ಬಾಬಾಸಾಹೇಬರು ತಡೆದರು. ಮನುವಿನ ಕಾಗದ ಸುಟ್ಟವರು ಕೋರ್ಟಿನ ಕಾಗದ ಓದಿದರು. ಎರಡಕ್ಕೂ ವ್ಯತ್ಯಾಸ ಬಲ್ಲವರಾಗಿದ್ದರು.

ಆಮೇಲೆ ಆ ಕಾಗದದ ಬೆನ್ನು ಬಿಡಲಿಲ್ಲ. 1928ರ ಫೆಬ್ರವರಿಯಲ್ಲಿ ತಡೆಯಾಜ್ಞೆ ತೆರವಾಯಿತು. 1931ರಲ್ಲಿ ದಾವೆ ವಜಾ ಆಯಿತು. ಅವರು ಅಪೀಲು ಹೋದರು, ಅಲ್ಲೂ ಸೋತರು. ಕೊನೆಗೆ 1937ರ ಮಾರ್ಚಿಯಲ್ಲಿ ಬೊಂಬಾಯಿ ಹೈಕೋರ್ಟು, ಅನಾದಿ ರೂಢಿ ಅನ್ನುವುದನ್ನು ಅವರು ರುಜುವಾತು ಮಾಡಿಲ್ಲ ಅಂತ ತೀರ್ಪು ಕೊಟ್ಟಿತು. ಒಂದು ಬೊಗಸೆ ನೀರಿಗೆ ಹತ್ತು ವರ್ಷ. ಬೀದಿಯಲ್ಲಿ ಸಾವಿರಾರು ಜನ ಇದ್ದದ್ದಕ್ಕೆ ಆ ದಾವೆಗೆ ತೂಕ ಬಂತು. ದಾವೆಯಲ್ಲಿ ಒಂದೊಂದು ಮಾತಿಗೂ ಜವಾಬು ಇದ್ದದ್ದಕ್ಕೆ ಬೀದಿಯ ಹೋರಾಟಕ್ಕೆ ಕಾನೂನಿನ ಮುದ್ರೆ ಬಿತ್ತು. ಒಂದು ಕೈ ಕಟ್ಟಿಕೊಂಡು ಕುಸ್ತಿ ಆಡಿ ಅಂತ ಬಾಬಾಸಾಹೇಬರು ಎಲ್ಲಿಯೂ ಕಲಿಸಲಿಲ್ಲ.

ಕೋರ್ಟಿನ ಮೇಲೆ ಕುರುಡು ಭಕ್ತಿ ಇಡಿ ಅಂತ ನಾವು ಹೇಳುತ್ತಿಲ್ಲ. ಹತ್ತು ವರ್ಷ ಕಾಯಲು ಹಣ ಬೇಕು, ಕೂಲಿ ಬಿಡಬೇಕು, ಬಸ್ ಚಾರ್ಜು ಬೇಕು. ವಾಯಿದೆ ಅನ್ನುವ ಮಾತೇ ಬಡವನನ್ನು ಕೊಲ್ಲುವ ಮಾತು. ಹೈಕೋರ್ಟು, ಸುಪ್ರೀಂ ಕೋರ್ಟಿನ ಮಾತು ಇವತ್ತಿಗೂ ಇಂಗ್ಲಿಷೇ. ನಮ್ಮ ಹೊಲದ ತೀರ್ಪನ್ನು ನಮ್ಮವ್ವನಿಗೆ ಅರ್ಥವಾಗದ ಭಾಷೆಯಲ್ಲಿ ಕೊಡುವುದು ಅನ್ಯಾಯ ಅಂತ ಕೂಗಲೇಬೇಕು. ಆದರೆ ಕೂಗುವವರೆಗೂ ಕಾಗದ ಕಾಯುವುದಿಲ್ಲ. 30 ದಿನ ಅಂದರೆ 30 ದಿನ.

ನಮಗಾಗಿ ಬರೆದಿಟ್ಟ ಕೆಲವನ್ನು ನಾವೇ ಕೇಳಿ ಪಡೆಯುತ್ತಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಪುಕ್ಕಟೆ ವಕೀಲರ ನೆರವು ಸಿಗಬೇಕು. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಅದರ ಸಮಿತಿ ಇರುತ್ತದೆ, 15100ಕ್ಕೆ ಫೋನೂ ಮಾಡಬಹುದು. ಕೋರ್ಟ್ ಫೀ ಕಟ್ಟಲು ಶಕ್ತಿ ಇಲ್ಲದವರು ನಿರ್ಗತಿಕರೆಂದು ಅರ್ಜಿ ಹಾಕಿ ಫೀ ಕಟ್ಟದೆ ದಾವೆ ಹೂಡಬಹುದು. ನಮ್ಮವರನ್ನು ಗೋಳಾಡಿಸಲೆಂದೇ ಸುಳ್ಳು ದಾವೆ ಹಾಕುವುದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ಇದು ಜಮೀನ್ದಾರನಿಗೆ ಗೊತ್ತು. ನಮಗೆ ಗೊತ್ತಿಲ್ಲ ಅನ್ನುವುದೂ ಅವನಿಗೆ ಗೊತ್ತು.

ಆದ್ದರಿಂದ ಗೆಳೆಯರೇ, ಒಂದು ಕೆಲಸ. ಪ್ರತಿ ಹಾಸ್ಟೆಲಿನಲ್ಲಿ ಭಾನುವಾರ ಬೆಳಿಗ್ಗೆ ಒಂದು ಮೇಜು ಹಾಕಿ. ಊರಿಗೆ ಹೋದವರು ಮನೆಯ ಗಳು, ಪೆಟ್ಟಿಗೆ, ದೇವರ ಗೂಡು ಎಲ್ಲ ಹುಡುಕಿ ಅಲ್ಲಿರುವ ಕಾಗದಗಳ ಪ್ರತಿ ಮಾಡಿಸಿ ತನ್ನಿ. ಮೂಲ ಕಾಗದ ಮನೆಯಲ್ಲೇ ಇರಲಿ. ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಯಾರ ದಾವೆ, ಯಾವ ಕೋರ್ಟು, ಕೇಸ್ ನಂಬರು, ಮುಂದಿನ ವಾಯಿದೆ. ಸಿ.ಎನ್.ಆರ್. ಅಂತ 16 ಅಕ್ಷರ ಅಂಕಿಯ ಗುರುತು ಇರುತ್ತದೆ. ಸಿನಿಮಾ ನೋಡುವ ಅದೇ ಮೊಬೈಲಿನಲ್ಲಿ ಇ-ಕೋರ್ಟ್ಸ್ ತೆರೆದು ಅದನ್ನು ಹಾಕಿದರೆ ವಾಯಿದೆ ಗೊತ್ತಾಗುತ್ತದೆ. ಗೊತ್ತಾಗದ ಪದ ಬಂದರೆ ಲಾ ಓದುವ ಗೆಳೆಯನನ್ನು ಹಿಡಿಯಿರಿ. ಅವನಿಗೂ ಗೊತ್ತಿಲ್ಲದಿದ್ದರೆ ಅವನು ಕಲಿಯಲಿ. ನಾವು ವಕೀಲರಾಗಬೇಕಿಲ್ಲ. ಕಾಗದ ಓದಿ, ದಿನ ಎಣಿಸಿ, ಸರಿಯಾದ ಬಾಗಿಲಿಗೆ ಕರೆದುಕೊಂಡು ಹೋದರೆ ಸಾಕು.

ದೊಡ್ಡವ್ವನ ಕಥೆ ಮುಗಿದಿಲ್ಲ. ಏಕಪಕ್ಷೀಯ ಡಿಕ್ರಿ ರದ್ದು ಮಾಡಿ ಅಂತ ಒಂದು ಅರ್ಜಿ, ತಡ ಮನ್ನಾ ಮಾಡಿ ಅಂತ ಇನ್ನೊಂದು, ಏ.ಸಿ. ಕಚೇರಿಯಲ್ಲಿ ಮತ್ತೊಂದು. ಮೂರಕ್ಕೂ ವಾಯಿದೆ ನಡೆಯುತ್ತಿದೆ. ಗೆಲ್ಲುತ್ತೇವೋ ಗೊತ್ತಿಲ್ಲ. ಹೋದ ವಾಯಿದೆಗೆ ನಾವೂ ಜೊತೆಗೆ ಹೋಗಿದ್ದೆವು. ಬಸ್ಸಿನಲ್ಲಿ ದೊಡ್ಡವ್ವ ಸೀರೆಯ ಗಂಟಿನಿಂದ ಮಡಿಸಿದ ಕಾಗದ ತೆಗೆದು ನಮ್ಮ ಕೈಗಿಟ್ಟಳು. 'ಇದರಲ್ಲಿ ಎಕ್ಸ್‌ಪಾರ್ಟಿ ಅಂತ ಎಲ್ಲಿ ಬರ್ದವ್ರೆ, ತೋರ್ಸಿ' ಅಂದಳು. ಬೆರಳಿಟ್ಟು ತೋರಿಸಿದೆವು. ಆಕೆ ಆ ಜಾಗವನ್ನು ಬಹಳ ಹೊತ್ತು ನೋಡಿದಳು.

'ಇಷ್ಟೇಯಾ?' ಅಂದಳು.

ಇಷ್ಟೇ, ದೊಡ್ಡವ್ವ. ಇಷ್ಟನ್ನು ಓದಲು ನಮಗೆ ಇಷ್ಟು ವರ್ಷ ಬೇಕಾಯಿತು.

ಈ ರಜಕ್ಕೆ ಊರಿಗೆ ಹೋದಾಗ ಮೊದಲು ಸೂರಿನ ಕಡೆ ನೋಡಿ, ಗೆಳೆಯರೇ. ಹೋಳಿಗೆ ಆಮೇಲೆ.

ಜೈ ಭೀಮ್.